ಕರುಳಿನ ಉರಿಯೂತ ಇದ್ದವರ ತಟ್ಟೆ: ಎಲ್ಲಿ ಸೋರುತ್ತಿದೆ ನೋಡಿ, ಅಲ್ಲಿ ತುಂಬಿ

ಕಾಯಿಲೆ ಗೊತ್ತಾದ ಮೇಲೆ ಮೊದಲ ಆರು ತಿಂಗಳು ನಾನು ಮೆತ್ತಗಿನ ಅನ್ನ, ಮಜ್ಜಿಗೆ ಇಷ್ಟರಲ್ಲೇ ಇದ್ದೆ. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ಓಣಿಯಲ್ಲಿ ಒಬ್ಬರು ತೊಗರಿ ವಾಯು ಅಂದರು, ಬೇಳೆ ಬಿಟ್ಟೆ. ಇನ್ನೊಬ್ಬರು ಜೋಳ ಒರಟು ಅಂದರು, ರೊಟ್ಟಿ ಬಿಟ್ಟೆ. ಮೊಟ್ಟೆ ಉಷ್ಣ, ಹಾಲು ಭಾರ, ಸೊಪ್ಪು ಬೇಡವೇ ಬೇಡ. ಅವ್ವ ಮಾತ್ರ ದಿನಾ ಕೇಳುತ್ತಿದ್ದಳು: "ರೊಟ್ಟಿ ಬಿಟ್ಟು ಹ್ಯಾಂಗ ಇರ್ತಿಯೋ ತಮ್ಮಾ?" ತೂಕ 9 ಕಿಲೋ ಇಳಿಯಿತು. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಕಾಯಿಪಲ್ಯೆ ಚೀಲ ಹಿಡಿದು ಆಟೋ ತನಕ ನಡೆಯುವಷ್ಟರಲ್ಲಿ ಎದೆ ಡವಡವ. ರಕ್ತ ನೋಡಿಸಿದರೆ ಹಿಮೋಗ್ಲೋಬಿನ್ 7.8.

ನನ್ನದು ಅಲ್ಸರೇಟಿವ್ ಕೊಲೈಟಿಸ್. ಅಕ್ಕನ ಮಗನದು ಕ್ರೋನ್ಸ್. ಎರಡನ್ನೂ ಸೇರಿಸಿ ಐಬಿಡಿ ಅನ್ನುತ್ತಾರೆ, ಅಂದರೆ ಕರುಳಿನಲ್ಲಿ ಆರದ ಉರಿಯೂತ. ಒಂದೇ ಮನೆಯಲ್ಲಿ ಎರಡೂ ಇರುವುದರಿಂದ ನನಗೆ ಒಂದು ವಿಷಯ ತಡವಾಗಿ ಹೊಳೆಯಿತು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರೂ ಇಬ್ಬರ ಮೈಯಿಂದ ಸೋರುವುದು ಬೇರೆ ಬೇರೆ. ನನ್ನದು ರಕ್ತದ ಜೊತೆ ಕಬ್ಬಿಣ. ಅವನದು ವಿಟಮಿನ್ ಬಿ12. ಕೊಡಕ್ಕೆ ತೂತು ಎಲ್ಲಿದೆ ಎಂದು ನೋಡದೆ ನೀರು ಸುರಿದರೆ ಏನು ಬಂತು? ಆದ್ದರಿಂದ ಇಲ್ಲಿ ಬಿಡಬೇಕಾದ ತಿಂಡಿಗಳ ಪಟ್ಟಿ ಹುಡುಕಬೇಡಿ. ತೂತು ಹುಡುಕುವುದು ಹೇಗೆ, ಆಮೇಲೆ ಏನು ತುಂಬಬೇಕು, ಅದನ್ನು ಬರೆದಿದ್ದೇನೆ.

ಒಂದು ಮಾತು ಮೊದಲೇ. ಊಟ ಔಷಧದ ಜಾಗಕ್ಕೆ ಬರುವುದಿಲ್ಲ. ಉರಿಯೂತ ಇಳಿಸುವುದು ಔಷಧದ ಕೆಲಸ. ರಕ್ತ ಕಡಿಮೆಯಾಗುವುದು, ಮೂಳೆ ಸವೆಯುವುದು, ನರ ಕೆಡುವುದು, ಮೂತ್ರಪಿಂಡದಲ್ಲಿ ಕಲ್ಲು, ಮಕ್ಕಳಾದರೆ ಬೆಳವಣಿಗೆ ನಿಲ್ಲುವುದು: ಇಂಥ ತೊಡಕುಗಳನ್ನು ತಡೆಯುವುದರಲ್ಲಿ ಊಟದ ಪಾಲು ದೊಡ್ಡದು.

ಹಂತ 1: ಯಾವ ಕಾಯಿಲೆ, ಕರುಳಿನ ಯಾವ ಜಾಗ

ಕೊಲೊನೊಸ್ಕೋಪಿ ವರದಿ, ಅಂದರೆ ಕ್ಯಾಮೆರಾ ಹಾಕಿ ಕರುಳು ನೋಡಿದ ವರದಿ ತೆಗೆದು ಕೂತುಕೊಳ್ಳಿ. ಅಲ್ಸರೇಟಿವ್ ಕೊಲೈಟಿಸ್ ಬರೀ ದೊಡ್ಡ ಕರುಳು, ಗುದನಾಳದ ಕಾಯಿಲೆ. ಕ್ರೋನ್ಸ್ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಆದರೆ ಸಣ್ಣ ಕರುಳಿನ ಕೊನೆ ಅದಕ್ಕೆ ಅಚ್ಚುಮೆಚ್ಚು. ಆ ತುಣುಕಿಗೆ ಇಲಿಯಮ್ ಎಂದು ಹೆಸರು. ವರದಿಯಲ್ಲಿ "ಟರ್ಮಿನಲ್ ಇಲಿಯಮ್" ಎಂದು ಇದ್ದರೆ ಅಡಿಗೆರೆ ಎಳೆಯಿರಿ. ಬಿ12 ಒಳಗೆ ಹೋಗುವುದು ಅಲ್ಲಿಂದಲೇ. "ಸ್ಟ್ರಿಕ್ಚರ್" ಎಂಬ ಪದ ಇದ್ದರೆ ಎರಡು ಗೆರೆ ಎಳೆಯಿರಿ. ಕರುಳು ಅಲ್ಲಿ ಕಿರಿದಾಗಿದೆ ಎಂದು ಅರ್ಥ. ನಾರಿನ ಲೆಕ್ಕವೆಲ್ಲ ಅದರ ಮೇಲೆ ನಿಲ್ಲುತ್ತದೆ.

ನಮ್ಮ ಕಡೆ ಇನ್ನೊಂದು ಗೊಂದಲವಿದೆ. ಕರುಳಿನ ಟಿಬಿ ನೋಡಲು ಹೆಚ್ಚುಕಡಿಮೆ ಕ್ರೋನ್ಸ್ ತರಹವೇ ಇರುತ್ತದೆ. ಅಕ್ಕನ ಮಗನಿಗೆ ಟಿಬಿ ಅಲ್ಲ ಎಂದು ಖಚಿತ ಮಾಡಿಕೊಳ್ಳಲು ಎರಡು ಸಲ ಹೈದರಾಬಾದಿಗೆ ಓಡಾಡಿದೆವು. ಆಗ ಬೇಜಾರಾಗಿತ್ತು. ಈಗ ಅನಿಸುತ್ತದೆ, ಆ ಓಡಾಟ ಸರಿಯೇ ಇತ್ತು. ಟಿಬಿ ಇದ್ದವರಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಕೊಟ್ಟರೆ ಅನಾಹುತ. ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್, ಬೇರೆಯೇ ಕಾಯಿಲೆ. ಅದರಲ್ಲಿ ರಕ್ತ ಹೋಗುವುದಿಲ್ಲ, ಕರುಳಿನಲ್ಲಿ ಹುಣ್ಣು ಇರುವುದಿಲ್ಲ. ಐಬಿಎಸ್‌ನವರ ಪಥ್ಯ ನೋಡಿಕೊಂಡು ನೀವು ಉಪವಾಸ ಬೀಳಬೇಡಿ.

ಹಂತ 2: ಒಂದು ಹಾಳೆ, ಹತ್ತು ಸಾಲು

ಎಡಕ್ಕೆ ಪರೀಕ್ಷೆಯ ಹೆಸರು, ಮೇಲೆ ತಾರೀಕು. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಬಿ12, ಫೋಲೇಟ್ (ಇದೂ ಒಂದು ಬಿ ವಿಟಮಿನ್), ವಿಟಮಿನ್ ಡಿ, ಅಲ್ಬುಮಿನ್, ಸಿಆರ್‌ಪಿ (ಉರಿಯೂತದ ಅಳತೆ), ಕ್ರಿಯಾಟಿನಿನ್ (ಮೂತ್ರಪಿಂಡದ ಅಳತೆ), ಕೊನೆಯ ಸಾಲು ತೂಕ. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ (ಕರುಳಿನ ಉರಿಯೂತ ತೋರಿಸುತ್ತದೆ) ಮಾಡಿಸಿದ್ದರೆ ಅದನ್ನೂ ಕೆಳಗೆ ಸೇರಿಸಿ. ಎಷ್ಟು ತಿಂಗಳಿಗೊಮ್ಮೆ ಮಾಡಿಸಬೇಕು ಎಂಬುದನ್ನು ಡಾಕ್ಟರ್ ಹೇಳುತ್ತಾರೆ. ಕಾಯಿಲೆ ಕೆರಳಿದ್ದರೆ ಬೇಗ, ತಣ್ಣಗಿದ್ದರೆ ನಿಧಾನ. ನನ್ನ ಹಾಳೆ ಅಡುಗೆಮನೆ ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ. ಉಪ್ಪಿನ ಡಬ್ಬಿ ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ.

ಹಂತ 3: ಕಬ್ಬಿಣ

ಎಲ್ಲಕ್ಕಿಂತ ಸಾಮಾನ್ಯ ತೂತು ಇದು. ಎರಡು ಕಡೆಯಿಂದ ಹೊಡೆತ ಬೀಳುತ್ತದೆ. ಹುಣ್ಣಿನಿಂದ ರಕ್ತ ಹೋಗುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವುದು ಎರಡನೆಯದು. ಉರಿಯೂತ ಇದ್ದಾಗ ಪಿತ್ತಜನಕಾಂಗ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಅದು ಕರುಳಿನಲ್ಲಿ ಕಬ್ಬಿಣದ ಬಾಗಿಲು ಹಾಕಿಬಿಡುತ್ತದೆ. ಹೊರಗೆ ಎಷ್ಟೇ ಮಾತ್ರೆ, ಸೊಪ್ಪು ಇದ್ದರೂ ಒಳಗೆ ಹೋಗುವುದು ಅಷ್ಟಕ್ಕಷ್ಟೇ.

ನನಗೆ ಆಗಿದ್ದು ಅದೇ. 7.8 ನೋಡಿ ಗಾಬರಿಯಾಗಿ ಹತ್ತಿರದ ಕ್ಲಿನಿಕ್ಕಿನಲ್ಲಿ ದಿನಕ್ಕೆ ಎರಡು ಕಬ್ಬಿಣದ ಮಾತ್ರೆ ಬರೆಸಿಕೊಂಡೆ. ಹೊಟ್ಟೆನೋವು ಹೆಚ್ಚಿತು, ಮಲ ಕಪ್ಪಾಯಿತು. ಮಾತ್ರೆಗೆ ಮಲ ಕಪ್ಪಾಗುವುದು ಸಹಜ, ಆದರೆ ಒಳಗೆ ರಕ್ತ ಹೋಗುತ್ತಿದೆಯೋ ಇಲ್ಲವೋ ಗುರುತಿಸುವುದು ಕಷ್ಟವಾಯಿತು. ಒಂದೂವರೆ ತಿಂಗಳ ಮೇಲೆ ನೋಡಿದರೆ 8.1. ಆಮೇಲೆ ಹೊಟ್ಟೆಯ ತಜ್ಞರು ನರಕ್ಕೆ ಕಬ್ಬಿಣ ಹಾಕಿಸಿದರು. ಡ್ರಿಪ್‌ನಲ್ಲಿ ಕಂದು ಬಣ್ಣದ ದ್ರವ, ಗಟ್ಟಿ ಬೆಲ್ಲದ ನೀರಿನ ಹಾಗೆ. ಎರಡು ತಿಂಗಳಿಗೆ 11 ದಾಟಿತು.

ನೀವು ಕೇಳಬೇಕಾದ ಪ್ರಶ್ನೆಗಳು ಇವು. ಹಿಮೋಗ್ಲೋಬಿನ್ ಗಂಡಸರಿಗೆ 13, ಹೆಂಗಸರಿಗೆ 12ಕ್ಕಿಂತ ಕಡಿಮೆ ಇದೆಯಾ? ಫೆರಿಟಿನ್ ಎಷ್ಟು? ಕಾಯಿಲೆ ತಣ್ಣಗಿದ್ದಾಗ 30ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಖಾಲಿ. ಉರಿಯೂತ ಇದ್ದಾಗ ಮಾತ್ರ ಫೆರಿಟಿನ್ ಸುಳ್ಳು ಹೇಳುತ್ತದೆ, ಉರಿಯೂತವೇ ಅದನ್ನು ಏರಿಸುತ್ತದೆ. ಆಗ 100ರ ತನಕ ಇದ್ದರೂ ಕೊರತೆ ಇರಬಹುದು. ಲ್ಯಾಬಿನ ಕಾಗದದಲ್ಲಿ "ನಾರ್ಮಲ್" ಎಂದು ಕಂಡರೆ ಸುಮ್ನೆ ಬರಬೇಡಿ. ಕಾಯಿಲೆ ಕೆರಳಿದ್ದರೆ ಅಥವಾ ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ನರಕ್ಕೆ ಹಾಕುವುದೇ ಮೇಲು. ತಣ್ಣಗಿದ್ದು ಸ್ವಲ್ಪವೇ ಕಡಿಮೆ ಇದ್ದರೆ ಮಾತ್ರೆ ನಡೆಯುತ್ತದೆ. ಆಗಲೂ ಶುದ್ಧ ಕಬ್ಬಿಣದ ಲೆಕ್ಕದಲ್ಲಿ ದಿನಕ್ಕೆ 100 ಮಿಲಿಗ್ರಾಂ ಮೀರಬಾರದು.

ಊಟದಲ್ಲಿ? ನಮ್ಮ ಜೋಳ, ತೊಗರಿ, ಹೆಸರುಕಾಳು, ಮೆಂತ್ಯ ಸೊಪ್ಪು ಎಲ್ಲದರಲ್ಲೂ ಕಬ್ಬಿಣವಿದೆ. ಆದರೆ ಕಾಳು, ಸೊಪ್ಪಿನ ಕಬ್ಬಿಣ ಮೊಂಡು, ಬೇಗ ಒಳಗೆ ಹೋಗುವುದಿಲ್ಲ. ಬೇಳೆ ಸಾರಿಗೆ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಹುಳಿಯಲ್ಲಿರುವ ವಿಟಮಿನ್ ಸಿ ಅದನ್ನು ಎಳೆದುಕೊಂಡು ಹೋಗುತ್ತದೆ. ಕುದಿಯುವಾಗ ಹಿಂಡಿದರೆ ಅದರ ಶಕ್ತಿ ಕಡಿಮೆಯಾಗುತ್ತದೆ. ಮಾಂಸ ತಿನ್ನುವವರಿಗೆ ಮಟನ್, ಕೋಳಿಯ ಕಬ್ಬಿಣ ಸುಲಭವಾಗಿ ಸಿಗುತ್ತದೆ. ಇನ್ನು ನಮ್ಮೂರಿನ ಚಹಾ. ಊಟ ಮುಗಿಯುತ್ತಲೇ ಒಂದು ಕಪ್ ಬೇಕೇ ಬೇಕು, ಅಲ್ವಾ? ಚಹಾದ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಬಿಡಬೇಕಿಲ್ಲ, ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸು ಬಿಡಿ. ನನಗೆ ಎಲ್ಲಕ್ಕಿಂತ ಕಷ್ಟವಾದ ಪಥ್ಯ ಇದೇ.

ಹಂತ 4: ಬಿ12 ಮತ್ತು ಫೋಲೇಟ್

ಎಳ್ಳ ಅಮಾವಾಸ್ಯೆಗೆ ಆಳಂದ ಕಡೆ ಅಕ್ಕನ ಹೊಲಕ್ಕೆ ಹೋಗಿದ್ದೆವು. ಚರಗ ಚೆಲ್ಲಿ ಎಲ್ಲರೂ ಬರಿಗಾಲಲ್ಲಿ ಬದುವಿನ ಮೇಲೆ ಬಂದೆವು. ಕೂತಾಗ ಅಕ್ಕ ಮಗನ ಪಾದ ನೋಡಿ ಚೀರಿದಳು. ಹಿಮ್ಮಡಿಯಲ್ಲಿ ಜಾಲಿಮುಳ್ಳು, ಅರ್ಧ ಒಳಗೆ. ಅವನಿಗೆ ಗೊತ್ತೇ ಆಗಿರಲಿಲ್ಲ. "ಎರಡು ತಿಂಗಳಿಂದ ಕಾಲು ಜುಮು ಜುಮು ಅಂತಿತ್ತು ಮಾಮಾ, ಕೂತು ಕೂತು ಹಿಂಗಾಗ್ಯದ ಅಂದ್ಕೊಂಡಿದ್ದೆ" ಎಂದ. ಒಂದೂವರೆ ವರ್ಷದ ಹಿಂದೆ ಅವನ ಇಲಿಯಮ್ಮಿನ ಒಂದಿಷ್ಟು ಭಾಗ ಕತ್ತರಿಸಿ ತೆಗೆದಿದ್ದರು. ಬಿ12 ಚುಚ್ಚುಮದ್ದು ಎಂದು ಡಿಸ್ಚಾರ್ಜ್ ಕಾಗದದಲ್ಲಿ ಬರೆದಿತ್ತು. ಮೂರು ಹಾಕಿಸಿಕೊಂಡು, ಚೆನ್ನಾಗಿದ್ದೇನೆ ಎಂದು ಬಿಟ್ಟಿದ್ದ.

ಇಲಿಯಮ್ಮಿನ ಕೊನೆಯ ಭಾಗ 20 ಸೆಂಟಿಮೀಟರಿಗಿಂತ ಜಾಸ್ತಿ ಹೋಗಿದ್ದರೆ ಬಿ12 ಜೀವನಪೂರ್ತಿ ಹೊರಗಿನಿಂದ ಕೊಡಬೇಕಾಗುತ್ತದೆ. ಆಪರೇಷನ್ ಆಗದಿದ್ದರೂ ಆ ಜಾಗದಲ್ಲಿ ಕಾಯಿಲೆ ಇದ್ದರೆ ವರ್ಷಕ್ಕೊಮ್ಮೆಯಾದರೂ ನೋಡಿಸಿ. ಬರೀ ದೊಡ್ಡ ಕರುಳಿನ ಕೊಲೈಟಿಸ್ ಇದ್ದರೆ ಬಿ12 ಇಳಿಯಲು ಕಾಯಿಲೆ ಕಾರಣವಲ್ಲ. ಆದರೆ ಬಿ12 ಇರುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಮೊಟ್ಟೆಯನ್ನೂ ಮುಟ್ಟದ, ಹಾಲನ್ನೂ ಬಿಟ್ಟ ಮನೆಯವರು ಹೇಗೂ ಪರೀಕ್ಷೆ ಮಾಡಿಸಬೇಕು.

ಫೋಲೇಟಿನ ತೂತು ಮಾಡುವುದು ಔಷಧವೇ. ಸಲ್ಫಾಸಲಾಜಿನ್ ಅದನ್ನು ಒಳಗೆ ಹೋಗಲು ಬಿಡುವುದಿಲ್ಲ, ಮೆಥೊಟ್ರೆಕ್ಸೇಟ್ ಅದರ ಕೆಲಸಕ್ಕೇ ಅಡ್ಡ ನಿಲ್ಲುತ್ತದೆ. ಈ ಎರಡರಲ್ಲಿ ಯಾವುದಾದರೂ ನಡೆದಿದ್ದರೆ ಚೀಟಿಯಲ್ಲಿ ಫೋಲಿಕ್ ಆ್ಯಸಿಡ್, ಅಂದರೆ ಫೋಲೇಟಿನ ಮಾತ್ರೆ, ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ. ಮಗು ಬೇಕೆಂದಿರುವ ಹೆಣ್ಣುಮಕ್ಕಳು ಇದನ್ನು ಮುಂದೂಡಲೇಬಾರದು, ಮೆಥೊಟ್ರೆಕ್ಸೇಟ್ ಗರ್ಭಕ್ಕೆ ಅಪಾಯ ಎಂಬುದನ್ನೂ ಆಗಲೇ ಮಾತಾಡಿಕೊಳ್ಳಿ. ಬಿ12 ನೋಡದೆ ಬರೀ ಫೋಲಿಕ್ ಆ್ಯಸಿಡ್ ನುಂಗಿದರೆ ರಕ್ತ ಸರಿಹೋದಂತೆ ಕಂಡು, ಒಳಗೆ ನರ ಕೆಡುತ್ತಲೇ ಇರಬಹುದು.

ಹಂತ 5: ಮೂಳೆ

ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ತೆಗೆದುಕೊಂಡವರಿಗೆ ಗೊತ್ತು, ಮೂರೇ ದಿನಕ್ಕೆ ಹಸಿವು ಮರಳುತ್ತದೆ, ಮುಖ ತುಂಬಿಕೊಳ್ಳುತ್ತದೆ. ಅದೇ ಹೊತ್ತಿಗೆ ಮೂಳೆ ಸವೆಯಲು ಶುರು. ಸ್ಟಿರಾಯ್ಡ್ ಮೂರು ತಿಂಗಳು ದಾಟುತ್ತಿದ್ದರೆ ಅಥವಾ ಮತ್ತೆ ಮತ್ತೆ ಬೇಕಾಗುತ್ತಿದ್ದರೆ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ಕೇಳಿ. ನಿಮ್ಮಷ್ಟಕ್ಕೆ ನೀವೇ ಸ್ಟಿರಾಯ್ಡ್ ನಿಲ್ಲಿಸಬೇಡಿ, ಅದನ್ನು ಮೆಟ್ಟಿಲು ಇಳಿದಂತೆ ಇಳಿಸಬೇಕು.

ಕ್ಯಾಲ್ಸಿಯಂ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಬೇಕು. ಒಂದು ದೊಡ್ಡ ಲೋಟ ಹಾಲಿನಲ್ಲಿ, ಅಂದರೆ 250 ಮಿಲಿಯಲ್ಲಿ, ಸುಮಾರು 300 ಸಿಗುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತದಾ? ಮೊಸರು ನೋಡಿ. ಹೆಪ್ಪು ಹಾಕಿದಾಗ ಹಾಲಿನ ಸಕ್ಕರೆ ಒಂದಿಷ್ಟು ಕಡಿಮೆಯಾಗಿರುತ್ತದೆ, ಕ್ಯಾಲ್ಸಿಯಂ ಅಷ್ಟೇ ಇರುತ್ತದೆ. 50 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 175. ನಮ್ಮ ಕಡೆ ರಾಗಿ ರೂಢಿ ಕಡಿಮೆ, ಆದರೆ ತೆಳ್ಳಗೆ ಅಂಬಲಿ ಮಾಡಿ ಸೋಸಿದರೆ ಕೆರಳಿದ ಹೊಟ್ಟೆಗೂ ಹಿಡಿಸುತ್ತದೆ. ಲೆಕ್ಕ ಮುಟ್ಟದಿದ್ದರೆ ಉಳಿದದ್ದಕ್ಕೆ ಮಾತ್ರೆ.

ವಿಟಮಿನ್ ಡಿ ಊಟದಲ್ಲಿ ಸಿಗುವುದು ತೀರಾ ಕಡಿಮೆ. ಕಲಬುರಗಿಯಲ್ಲಿ ಬಿಸಿಲಿಗೆ ಬರವೇ ಎಂದು ನಗಬೇಡಿ. ಆ ಬಿಸಿಲಿಗೆ ಹೆದರಿಯೇ ನಾವು ನೆರಳಲ್ಲಿ ಇರುತ್ತೇವೆ, ಹೊರಗೆ ಹೋದರೆ ಮುಖಕ್ಕೆ ದಸ್ತಿ, ತುಂಬುತೋಳು. ನನ್ನ ಮೊದಲ ಪರೀಕ್ಷೆಯಲ್ಲಿ 11 ಬಂತು, 20ಕ್ಕಿಂತ ಕಡಿಮೆ ಇದ್ದರೆ ಕೊರತೆ. ಚಳಿಗಾಲದಲ್ಲಿ ಹನ್ನೊಂದರ ಸುಮಾರಿಗೆ ತೋಳು, ಕಾಲಿಗೆ ಬಿಸಿಲು ಬೀಳುವಂತೆ ಇಪ್ಪತ್ತು ನಿಮಿಷ ಕೂತುಕೊಳ್ಳಬಹುದು. ಮೇ ತಿಂಗಳಲ್ಲಿ ಆ ಸಾಹಸ ಬೇಡ. ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಯೋಪ್ರಿನ್ ತೆಗೆದುಕೊಳ್ಳುವವರಿಗೆ ಬಿಸಿಲಿನಿಂದ ಚರ್ಮಕ್ಕೆ ಅಪಾಯ ಜಾಸ್ತಿ, ಅವರು ಮಾತ್ರೆಯನ್ನೇ ನಂಬುವುದು ಒಳ್ಳೆಯದು. ಅಂಗಡಿಯಲ್ಲಿ ಸಿಗುವ 60,000 ಯೂನಿಟ್ ಪುಡಿ ಸಾಮಾನ್ಯವಾಗಿ ವಾರಕ್ಕೊಂದು, ಅದೂ ಡಾಕ್ಟರ್ ಹೇಳಿದಷ್ಟು ವಾರ ಮಾತ್ರ. ದಿನಕ್ಕೊಂದು ಎಂದು ಓದಿಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಪೆಟ್ಟು.

ಹಂತ 6: ಪ್ರೋಟೀನ್ ಕೂಡಿಸಿ ನೋಡಿ

ಕಾಯಿಲೆ ತಣ್ಣಗಿದ್ದಾಗ ತೂಕದ ಕಿಲೋಗೆ 1 ಗ್ರಾಂ ಪ್ರೋಟೀನ್ ಸಾಕು. ಕೆರಳಿದಾಗ 1.2ರಿಂದ 1.5 ಗ್ರಾಂ. 60 ಕಿಲೋ ಇದ್ದರೆ ದಿನಕ್ಕೆ 72ರಿಂದ 90 ಗ್ರಾಂ.

ಈಗ ನಮ್ಮ ಮನೆಯ ತಟ್ಟೆ. 100 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ, 10 ಗ್ರಾಂ. 50 ಗ್ರಾಂ ತೊಗರಿ ಬೇಳೆ, 11. ಒಂದು ಲೋಟ ಹಾಲು, 8. ಒಂದು ಬಟ್ಟಲು ಮೊಸರು, 6. ಒಂದು ಹಿಡಿ ಶೇಂಗಾ, 7. ಒಟ್ಟು 42. ಹೊಟ್ಟೆ ತುಂಬ ಉಂಡ ದಿನದ ಲೆಕ್ಕ ಇದು. ನನ್ನ ಅನ್ನ ಮಜ್ಜಿಗೆ ದಿನಗಳ ಲೆಕ್ಕ ಹಾಕಿದರೆ 20 ಗ್ರಾಂ ಕೂಡ ದಾಟುತ್ತಿರಲಿಲ್ಲ! ಎರಡು ಮೊಟ್ಟೆಗೆ 12 ಸೇರುತ್ತದೆ, 100 ಗ್ರಾಂ ಕೋಳಿಗೆ ಸುಮಾರು 25. ಮೊಟ್ಟೆ ಮುಟ್ಟದವರು ಪನೀರ್, ಸೋಯಾ, ಇನ್ನೊಂದು ಬಟ್ಟಲು ಗಟ್ಟಿ ಬೇಳೆ ಸೇರಿಸಿಕೊಳ್ಳಬೇಕು. ಮೂರು ಹೊತ್ತಿಗೆ ತುಂಬಿಸಲು ಆಗದಿದ್ದರೆ ಆರು ಹೊತ್ತಿಗೆ ಸ್ವಲ್ಪ ಸ್ವಲ್ಪ ತಿನ್ನಿ.

ಮಕ್ಕಳಿಗೆ ಕ್ರೋನ್ಸ್ ಇದ್ದರೆ ವಿಷಯವೇ ಬೇರೆ. ಅವರಿಗೆ ಆರರಿಂದ ಎಂಟು ವಾರ ಬೇರೆ ಊಟವಿಲ್ಲದೆ ಪೂರ್ಣ ಪೋಷಕಾಂಶದ ದ್ರವಾಹಾರವನ್ನೇ ಕೊಡುವ ಚಿಕಿತ್ಸೆ ಇದೆ. ಅಲ್ಲಿ ಊಟವೇ ಔಷಧ, ಸ್ಟಿರಾಯ್ಡ್ ಇಲ್ಲದೆ ಕಾಯಿಲೆ ಇಳಿಯುತ್ತದೆ, ಬೆಳವಣಿಗೆಗೂ ಒಳ್ಳೆಯದು. ಮನೆಯಲ್ಲಿ ತಾವಾಗಿ ಮಾಡುವ ಕೆಲಸವಲ್ಲ, ಮಕ್ಕಳ ತಜ್ಞರು, ಆಹಾರ ತಜ್ಞರು ಜೊತೆಗಿರಬೇಕು.

ಹಂತ 7: ನಾರು, ಅಂದರೆ ರೊಟ್ಟಿಯ ಪ್ರಶ್ನೆ

ನಾರು ಶತ್ರುವಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಬ್ಯುಟಿರೇಟ್ ಮಾಡುತ್ತವೆ, ಕರುಳಿನ ಒಳಪದರಕ್ಕೆ ಅದೇ ಊಟ. ಕಾಯಿಲೆ ತಣ್ಣಗಿದ್ದು ಎಲ್ಲೂ ಕಿರಿದಾಗಿರದಿದ್ದರೆ ರೊಟ್ಟಿ, ಬೇಳೆ, ಪಲ್ಯ ಬಿಡಲು ಕಾರಣವೇ ಇಲ್ಲ. 2019ರಲ್ಲಿ ಜಿಐ ಟ್ಯಾಗ್ ಪಡೆದ ತೊಗರಿಯ ಊರಲ್ಲಿ ಇದ್ದು ನಾನು ತೊಗರಿ ಬಿಟ್ಟಿದ್ದೆನಲ್ಲ, ಈಗ ನಗು ಬರುತ್ತದೆ.

ಕೆರಳಿದಾಗ ನಾರು ಬಿಡಬೇಕಿಲ್ಲ, ರೂಪ ಬದಲಿಸಬೇಕು. ರೊಟ್ಟಿ ಬದಲು ಜೋಳದ ನುಚ್ಚು, ಮೆತ್ತಗೆ ಬೇಯಿಸಿ ಮಜ್ಜಿಗೆ ಕಲಸಿ. ಬೇಳೆ ಬೇಯಿಸಿ ನುಣ್ಣಗೆ ಕಡೆಯಿರಿ. ಸೋರೆಕಾಯಿ, ಹೀರೇಕಾಯಿ ಸಿಪ್ಪೆ ತೆಗೆದು ಬೇಯಿಸಿ. ಶೇಂಗಾ ಹಿಂಡಿ, ಖಾರ, ಮಿರ್ಚಿ ಭಜಿ ಕೆಲವು ವಾರ ಆಚೆ ಇರಲಿ. ರಕ್ತ ನಿಂತು ಎರಡು ವಾರವಾದ ಮೇಲೆ ಒಂದೊಂದಾಗಿ ವಾಪಸ್ ತನ್ನಿ, ಮೂರು ದಿನಕ್ಕೆ ಒಂದು ಪದಾರ್ಥ. ನಾನು ಹೀಗೆ ತಂದಾಗ ಕೊನೆಗೆ ಹೊಟ್ಟೆಗೆ ಆಗದೆ ಉಳಿದದ್ದು ಹಸಿ ಉಳ್ಳಾಗಡ್ಡಿ ಮತ್ತು ಕೆನೆಹಾಲು ಮಾತ್ರ.

ಸ್ಟ್ರಿಕ್ಚರ್ ಇದ್ದವರ ನಿಯಮ ಬೇರೆ, ಅಲ್ಲಿ ಧೈರ್ಯ ಮಾಡಬೇಡಿ. ಎಳ್ಳ ಅಮಾವಾಸ್ಯೆಯ ಭಜ್ಜಿ ಪಲ್ಯ ನೆನಪಿಸಿಕೊಳ್ಳಿ. ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಅದರಲ್ಲಿ, ಪಕ್ಕಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಕಿರಿದಾದ ಕರುಳಿನಲ್ಲಿ ಸಿಪ್ಪೆ, ಬೀಜ, ನಾರಿನ ಎಳೆ ಸಿಕ್ಕಿಕೊಂಡು ದಾರಿ ಕಟ್ಟಬಹುದು. ಅಕ್ಕ ಮಗನಿಗಾಗಿ ಭಜ್ಜಿಯನ್ನು ಮಿಕ್ಸಿಗೆ ಹಾಕಿ ಜರಡಿಯಲ್ಲಿ ಸೋಸುತ್ತಾಳೆ. ನೋಡಲು ಚೆಂದವಿಲ್ಲ, ರುಚಿ ಅದೇ.

ಹಂತ 8: ನೀರು, ಉಪ್ಪು, ಸತು, ಕಲ್ಲು

ಬೇಸಿಗೆಯಲ್ಲಿ 43 ಡಿಗ್ರಿ ಮುಟ್ಟುವ ಊರು ನಮ್ಮದು. ಬೆವರಿನ ಮೇಲೆ ಭೇದಿ ಸೇರಿದರೆ ಸೋಡಿಯಂ, ಪೊಟ್ಯಾಶಿಯಂ, ಮೆಗ್ನೀಶಿಯಂ ಎಲ್ಲ ಖಾಲಿ. ಬರೀ ನೀರು ಸಾಲದು. ಡಬ್ಲ್ಯುಎಚ್‌ಒ ಸೂತ್ರ ಎಂದು ಬರೆದಿರುವ ಓಆರ್‌ಎಸ್ ಪುಡಿ ಮನೆಯಲ್ಲಿ ಇಡಿ. ಸಿಹಿ ಪೇಯಗಳು ಅದರ ಬದಲಿ ಅಲ್ಲ. ಪುಡಿ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು. ಟೀ ಚಮಚದ ಲೆಕ್ಕ, ಗುಡ್ಡೆ ಹಾಕಬೇಡಿ.

ಭೇದಿ ವಾರಗಟ್ಟಲೆ ನಡೆದರೆ ಸತುವೂ ಹೋಗುತ್ತದೆ. ಬಾಯಿರುಚಿ ಕೆಡುವುದು, ಕೂದಲು ಉದುರುವುದು, ಗಾಯ ಮಾಯದಿರುವುದು ಅದರ ಗುರುತು. ಸ್ವಲ್ಪ ದಿನದ ಮಾತ್ರೆ ಸಾಕು. ತಿಂಗಳುಗಟ್ಟಲೆ ನುಂಗಿದರೆ ತಾಮ್ರ ಕಡಿಮೆಯಾಗುತ್ತದೆ.

ಮೂತ್ರಪಿಂಡದ ಕಲ್ಲು ಇಲಿಯಮ್ ಹಾಳಾದವರ ಪಾಡು. ಜೀರ್ಣವಾಗದ ಕೊಬ್ಬು ಕ್ಯಾಲ್ಸಿಯಮ್ಮನ್ನು ಕಟ್ಟಿಕೊಂಡು ಹೋಗುತ್ತದೆ. ಊಟದಲ್ಲಿರುವ ಆಕ್ಸಲೇಟ್ ಎಂಬ ವಸ್ತುವನ್ನು ಕರುಳಿನಲ್ಲೇ ಹಿಡಿದಿಡಬೇಕಾದದ್ದು ಆ ಕ್ಯಾಲ್ಸಿಯಂ. ಜೊತೆಗಾರನಿಲ್ಲದ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರದಲ್ಲಿ ಹರಳಾಗುತ್ತದೆ. ಕಲ್ಲು ಎಂದ ಕೂಡಲೇ ಜನ ಹಾಲು ಬಿಡುತ್ತಾರೆ, ಅದು ತಲೆಕೆಳಗು. ಊಟದ ಜೊತೆಗೇ ಮೊಸರು ಇರಲಿ, ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿಯುತ್ತದೆ. ಪಾಲಕ್, ಗೋಡಂಬಿ ಕಡಿಮೆ ಮಾಡಿ, ಮೂತ್ರ ತಿಳಿಯಾಗಿರುವಷ್ಟು ನೀರು ಕುಡಿಯಿರಿ.

ಹಂತ 9: ಮಾರಲು ಬರುವವರು

ಮೀನೆಣ್ಣೆಯ ಒಮೆಗಾ 3 ಬಗ್ಗೆ ಬಹಳ ಆಸೆ ಇತ್ತು. ಕ್ರೋನ್ಸ್ ಮರುಕಳಿಸುವುದನ್ನು ಅದು ತಡೆಯುತ್ತದಾ ಎಂದು ನೋಡಿದ ಎರಡು ದೊಡ್ಡ ಪ್ರಯೋಗಗಳು 2008ರಲ್ಲಿ ಹೊರಬಂದವು, ಪ್ರಯೋಜನ ಕಾಣಲಿಲ್ಲ. ಅಗಸಿ ಹಿಂಡಿಯನ್ನು ರುಚಿಗೆ ತಿನ್ನಿ, ಒಳ್ಳೆಯ ಊಟ. ಔಷಧ ಅಂದುಕೊಳ್ಳಬೇಡಿ. ಅರಿಶಿನದ ಕುರ್ಕುಮಿನ್ ಕೊಲೈಟಿಸ್‌ನಲ್ಲಿ ಮೆಸಲಮೈನ್ ಎಂಬ ಔಷಧದ ಜೊತೆ ಕೊಟ್ಟಾಗ ಕೆಲವು ಸಣ್ಣ ಪ್ರಯೋಗಗಳಲ್ಲಿ ನೆರವಾಗಿದೆ. ಆದರೆ ಅಲ್ಲಿ ಕೊಟ್ಟದ್ದು ದಿನಕ್ಕೆ 2-3 ಗ್ರಾಂ ಕುರ್ಕುಮಿನ್. ಅರಿಶಿನದಲ್ಲಿ ಅದು ನೂರಕ್ಕೆ ಮೂರು ಪಾಲಿನಷ್ಟೇ, ಹಾಲಿಗೆ ಚಿಟಿಕೆ ಹಾಕಿದರೆ ಆ ಲೆಕ್ಕ ಮುಟ್ಟುವುದಿಲ್ಲ. ಕ್ಯಾಪ್ಸೂಲಿನಿಂದ ಪಿತ್ತಜನಕಾಂಗ ಕೆಟ್ಟವರೂ ಇದ್ದಾರೆ, ಕೇಳದೆ ಶುರು ಮಾಡಬೇಡಿ. ಹೆಸರಿಲ್ಲದ ಪುಡಿ ಕೊಟ್ಟು "ಮಾತ್ರೆ ಎಲ್ಲ ಬಿಡ್ರಿ" ಅನ್ನುವವರ ಬಾಗಿಲಿಗೆ ಹೋಗಲೇಬೇಡಿ. ನಾನು ಒಮ್ಮೆ ಹೋಗಿದ್ದೆ, ಮೂರನೇ ವಾರಕ್ಕೆ ಆಸ್ಪತ್ರೆಯಲ್ಲಿದ್ದೆ.

ಹಂತ 10: ಅಡುಗೆಮನೆ ಬಿಟ್ಟು ಓಡಬೇಕಾದಾಗ

ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತದ ಭೇದಿ, ಜೊತೆಗೆ ಜ್ವರ ಅಥವಾ ನಾಡಿ 90ಕ್ಕಿಂತ ಮೇಲೆ. ಹೊಟ್ಟೆ ಉಬ್ಬಿ ಗಟ್ಟಿಯಾಗುವುದು. ವಾಂತಿ ಆಗುತ್ತ ಗಾಳಿ, ಮಲ ಎರಡೂ ನಿಂತುಹೋಗುವುದು. ಒಂದೇ ಕಾಲು ಊದಿ ನೋಯುವುದು, ಏಕಾಏಕಿ ಉಸಿರು ಕಟ್ಟುವುದು, ಯಾಕೆಂದರೆ ಈ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಇವುಗಳಲ್ಲಿ ಒಂದು ಕಂಡರೂ ಗಂಜಿ, ನಿಂಬೆಹಣ್ಣು ಎಂದು ಕೂರಬೇಡಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ, ಕೆರಳಿದ ಕೊಲೈಟಿಸ್‌ನಲ್ಲಿ ಕರುಳು ಹಿಗ್ಗಿ ಒಡೆಯುವ ಅಪಾಯವಿದೆ. ಮೈಕೈ ನೋವಿಗೆ ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೂಡ ಬೇಡ.

ಕಪಾಟಿನ ಹಾಳೆಯ ಫೋಟೋ ಫೋನಿನಲ್ಲಿ ಇರಲಿ, ಮನೆಯ ಇನ್ನೊಬ್ಬರ ಫೋನಿನಲ್ಲೂ ಇರಲಿ. ರಾತ್ರಿ ಹೈದರಾಬಾದಿಗೆ ಹೊರಟಾಗ ಫೈಲನ್ನು ಮನೆಯಲ್ಲೇ ಮರೆತು ತಾಂಡೂರ ದಾಟಿದ ಮೇಲೆ ನೆನಪಿಸಿಕೊಂಡವನು ನಾನು.